ನೀರೂರುವ ಬಾಯಿಗೆ ಅಡ್ಡ ಬಂದ ಕಲ್ಲು

ಉಪ್ಪಿನಕಾಯಿ ಭರಣಿಯ ಮುಚ್ಚಳ ತೆರೆದರೆ ಸಾಕು, ಬಾಯಲ್ಲಿ ನೀರೂರುತ್ತದೆ. ಕೆಲವರಿಗೆ ಮಾತ್ರ ಅದೇ ಗಳಿಗೆಯಲ್ಲಿ ದವಡೆಯ ಕೆಳಗೆ ಸೆಳೆತ ಶುರುವಾಗುತ್ತದೆ. ಎಲೆಯ ಮುಂದೆ ಕುಳಿತು ಎರಡು ತುತ್ತು ನುಂಗುವಷ್ಟರಲ್ಲಿ ನೆಲ್ಲಿಕಾಯಿಯಷ್ಟು ದಪ್ಪದ ಊತ ಕಾಣಿಸಿಕೊಳ್ಳುತ್ತದೆ. ಊಟ ಮುಗಿದು ಒಂದೆರಡು ಗಂಟೆ ಕಳೆದರೆ ಅದು ತಾನಾಗಿ ಇಳಿಯುತ್ತದೆ. ಮುಂದಿನ ಊಟಕ್ಕೆ ಮತ್ತೆ ಹಾಜರಾಗುತ್ತದೆ. ಹಲ್ಲುನೋವೆಂದೋ ಗಂಟಲ ಗಡ್ಡೆಯೆಂದೋ ಭಾವಿಸಿ ಇದನ್ನು ವರ್ಷಗಟ್ಟಲೆ ಸಹಿಸಿಕೊಂಡವರಿದ್ದಾರೆ. ಕಾರಣ ಹಲವು ಸಲ ಲಾಲಾರಸದ ನಾಳದಲ್ಲಿ ಸಿಕ್ಕಿಕೊಂಡ ಒಂದು ಕಲ್ಲು.

ಮನುಷ್ಯನಿಗೆ ಮೂರು ಜೊತೆ ದೊಡ್ಡ ಲಾಲಾಗ್ರಂಥಿಗಳಿವೆ: ಕಿವಿಯ ಮುಂದೆ ಒಂದು ಜೊತೆ, ಕೆಳದವಡೆಯ ಅಡಿಯಲ್ಲಿ ಒಂದು, ನಾಲಗೆಯ ಕೆಳಗೆ ಮತ್ತೊಂದು. ದಿನವೊಂದಕ್ಕೆ ಬಾಯಲ್ಲಿ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಊರುತ್ತದೆ. ಇಷ್ಟು ದ್ರವ ಯಾವ ದಾರಿಯಿಂದ ಬಾಯಿಗೆ ಬರುತ್ತದೆ ಎಂಬುದು ಹದಿನೇಳನೆಯ ಶತಮಾನದವರೆಗೂ ಸ್ಪಷ್ಟವಿರಲಿಲ್ಲ. ದವಡೆಯಡಿಯ ಗ್ರಂಥಿಯ ನಾಳವನ್ನು 1656ರಲ್ಲಿ ವಿವರಿಸಿದವನು ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್. ಆ ನಾಳಕ್ಕೆ ಇಂದಿಗೂ ಅವನದೇ ಹೆಸರು.

ಕಿವಿಯ ಮುಂದಿನ ಗ್ರಂಥಿಯ ಕಥೆ ಇನ್ನೂ ಸ್ವಾರಸ್ಯದ್ದು. 1660ರಲ್ಲಿ ಡೆನ್ಮಾರ್ಕಿನ 22 ವರ್ಷದ ವಿದ್ಯಾರ್ಥಿ ನೀಲ್ಸ್ ಸ್ಟೆನ್ಸನ್ ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಸೀಳಿ ನೋಡುತ್ತಿದ್ದ. ರಕ್ತನಾಳಗಳನ್ನು ಹುಡುಕುತ್ತಿದ್ದ ಅವನ ಸಲಾಕಿ ಯಾವುದೋ ಕೊಳವೆಯೊಳಗೆ ಜಾರಿ, ಬಾಯೊಳಗಿನ ಹಲ್ಲಿಗೆ ತಗುಲಿತು. ಗುರು ಬ್ಲೇಸಿಯಸ್‌ಗೆ ತೋರಿಸಿದಾಗ, ಸಲಾಕಿಯಿಂದ ನೀನೇ ತೂತು ಮಾಡಿರಬೇಕು ಎಂದು ತಳ್ಳಿಹಾಕಲಾಯಿತು. ಶೋಧ ನಿಜವೆಂದು ತಿಳಿದ ಮೇಲೆ ಅದೇ ಗುರು ಅದು ತನ್ನದೆಂದು ವಾದಕ್ಕಿಳಿದ. ಕೊನೆಗೆ ನಾಳಕ್ಕೆ ಉಳಿದದ್ದು ಶಿಷ್ಯನ ಹೆಸರೇ. ಮುಂದೆ 1669ರಲ್ಲಿ, ಭೂಮಿಯ ಶಿಲೆಗಳು ಪದರದ ಮೇಲೆ ಪದರವಾಗಿ ಕೂಡುತ್ತವೆ ಎಂದು ಬರೆದು ಭೂವಿಜ್ಞಾನಕ್ಕೆ ತಳಹದಿ ಹಾಕಿದವನೂ ಈ ಸ್ಟೆನ್ಸನ್ನನೇ. ಅವನು ಕಂಡ ನಾಳದಲ್ಲಿ ಬೆಳೆಯುವ ಕಲ್ಲೂ ಹಾಗೆಯೇ ಪದರ ಪದರವಾಗಿ ಬಲಿಯುತ್ತದೆ.

ಇಂಥ ಕಲ್ಲುಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಕಾಣುವುದು ದವಡೆಯಡಿಯ ಗ್ರಂಥಿಯಲ್ಲಿ. ಅಲ್ಲಿನ ರಸ ಹೆಚ್ಚು ಲೋಳೆ, ಕ್ಷಾರಗುಣದ್ದು, ಸುಣ್ಣದಂಶ ಹೆಚ್ಚಿರುವಂಥದ್ದು. ಸುಮಾರು ಐದು ಸೆಂಟಿಮೀಟರ್ ಉದ್ದದ ನಾಳದಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಏರಬೇಕು. ಹರಿವು ನಿಧಾನವಾದಲ್ಲಿ ಲೋಳೆಯ ಕಣದ ಸುತ್ತ ಕ್ಯಾಲ್ಸಿಯಂ ಫಾಸ್ಫೇಟ್ ಕೂಡತೊಡಗುತ್ತದೆ. ನೀರು ಕಡಿಮೆ ಕುಡಿಯುವುದು, ಬಾಯಿ ಒಣಗಿಸುವ ಔಷಧಿಗಳು ಇದಕ್ಕೆ ಇಂಬು ಕೊಡುತ್ತವೆ. ಕಟ್ಟಿನಿಂತ ರಸದಲ್ಲಿ ರೋಗಾಣು ಸೇರಿದರೆ ಬಾವು, ಕೀವು, ಜ್ವರ.

ನಾಳದ ತುದಿಯಲ್ಲಿ, ನಾಲಗೆಯ ಕೆಳಗೆ ಬೆರಳಿಗೆ ಸಿಗುವ ಕಲ್ಲನ್ನು ಬಾಯೊಳಗಿನಿಂದಲೇ ಸಣ್ಣ ಗೀರು ಹಾಕಿ ತೆಗೆಯುವುದು ಹಳೆಯ ಪದ್ಧತಿ. ಅದು ಇಂದಿಗೂ ಒಳ್ಳೆಯ ಪದ್ಧತಿಯೇ. ತೊಡಕಿದ್ದದ್ದು ಕಲ್ಲು ಗ್ರಂಥಿಯ ಒಳಗೋ ಅದರ ಬಾಗಿಲಲ್ಲೋ ಕುಳಿತಾಗ. ಇಪ್ಪತ್ತನೆಯ ಶತಮಾನದ ಬಹುಕಾಲ ಇದಕ್ಕೆ ಒಂದೇ ಉತ್ತರವಿತ್ತು: ಕತ್ತಿನಲ್ಲಿ ಕೊಯ್ದು ಗ್ರಂಥಿಯನ್ನೇ ತೆಗೆಯುವುದು. ವರ್ಷಗಟ್ಟಲೆ ಕಟ್ಟಿಕೊಂಡ ಗ್ರಂಥಿ ಹೇಗೂ ಸತ್ತಂತೆಯೇ, ಉಳಿಸಿ ಫಲವೇನು ಎಂಬುದು ಅದರ ಹಿಂದಿನ ತರ್ಕ. ಆದರೆ ಆ ಇಕ್ಕಟ್ಟಿನಲ್ಲಿ ಮೂರು ನರಗಳು ಹಾದುಹೋಗುತ್ತವೆ. ಒಂದಕ್ಕೆ ಪೆಟ್ಟಾದರೆ ಕೆಳತುಟಿಯ ಮೂಲೆ ಜೋಲುತ್ತದೆ, ಇನ್ನೊಂದಕ್ಕಾದರೆ ನಾಲಗೆ ಜೋಮು ಹಿಡಿಯುತ್ತದೆ, ಮೂರನೆಯದಕ್ಕಾದರೆ ನಾಲಗೆಯ ಚಲನೆಯೇ ಕುಂದುತ್ತದೆ. ಹೆಚ್ಚಿನ ಸಲ ಇವು ವಾರಗಳಲ್ಲೋ ತಿಂಗಳುಗಳಲ್ಲೋ ಸರಿಹೋಗುತ್ತವೆ. ಕೆಲವರಿಗೆ ಮಾತ್ರ ಶಾಶ್ವತವಾಗಿ ಉಳಿಯುತ್ತವೆ. ಅಕ್ಕಿಕಾಳಿನಷ್ಟು ಕಲ್ಲಿಗಾಗಿ ನಗುವಿನ ಅಂದವನ್ನೇ ಪಣಕ್ಕಿಡಬೇಕೆ ಎಂಬ ಪ್ರಶ್ನೆ ರೋಗಿಗೂ ವೈದ್ಯನಿಗೂ ಎದುರಾಗುತ್ತಿತ್ತು.

ಬದಲಾವಣೆ ಬಂದದ್ದು ಮೂತ್ರಪಿಂಡದ ದಾರಿಯಿಂದ. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ವೈದ್ಯರು ಹೊರಗಿನಿಂದ ಆಘಾತ ತರಂಗಗಳನ್ನು ಹಾಯಿಸಿ ಮೂತ್ರಪಿಂಡದ ಕಲ್ಲನ್ನು ಪುಡಿಮಾಡಿದರು. ಅದೇ ತತ್ತ್ವವನ್ನು ಲಾಲಾಗ್ರಂಥಿಯ ಕಲ್ಲಿಗೆ ಬಳಸಿದ ಅನುಭವವನ್ನು ಅದೇ ದೇಶದ ಎರ್ಲಾಂಗನ್‌ನ ವೈದ್ಯರು 1989ರಲ್ಲಿ ಪ್ರಕಟಿಸಿದರು. 1990ರ ದಶಕದಲ್ಲಿ ಒಂದರಿಂದ ಒಂದೂವರೆ ಮಿಲಿಮೀಟರ್ ದಪ್ಪದ ಎಂಡೋಸ್ಕೋಪ್‌ಗಳು ಬಂದವು. ಸ್ಟೆನ್ಸನ್ನನ ಸಲಾಕಿ ಕುರುಡಾಗಿ ತಡವರಿಸಿದ ದಾರಿಯಲ್ಲಿ ಈಗ ಕಣ್ಣುಳ್ಳ ಸಲಾಕಿ ಹೊಕ್ಕಿತು. ನಾಲ್ಕು ಮಿಲಿಮೀಟರಿನವರೆಗಿನ ಕಲ್ಲುಗಳನ್ನು ಪುಟ್ಟ ತಂತಿಬುಟ್ಟಿಯಲ್ಲಿ ಹಿಡಿದು ಎಳೆಯಬಹುದು. ದೊಡ್ಡದನ್ನು ಲೇಸರ್‌ನಿಂದ ಒಡೆಯಬಹುದು, ಇಲ್ಲವೇ ಎಂಡೋಸ್ಕೋಪ್ ತೋರಿದ ಜಾಗದಲ್ಲಿ ಸಣ್ಣ ಗೀರು ಹಾಕಿ ತೆಗೆಯಬಹುದು.

ಚೇತರಿಕೆಯ ಲೆಕ್ಕವೂ ಬದಲಾಯಿತು. ಗ್ರಂಥಿ ತೆಗೆದವರಿಗೆ ಕತ್ತಿನಲ್ಲಿ ಒಂದೆರಡು ದಿನ ರಸ ಬಸಿಯುವ ನಳಿಕೆ, ವಾರದ ಹೊತ್ತಿಗೆ ಹೊಲಿಗೆ ಬಿಚ್ಚುವುದು ಇದ್ದೇ ಇತ್ತು. ಉಳಿದ ಗ್ರಂಥಿಗಳು ಕೆಲಸ ಹೊತ್ತುಕೊಳ್ಳುವುದರಿಂದ ಒಂದನ್ನು ಕಳೆದುಕೊಂಡವರಿಗೆ ಬಾಯಿ ಒಣಗುವುದು ಅಪರೂಪ. ಎಂಡೋಸ್ಕೋಪ್‌ನಿಂದ ಕಲ್ಲು ತೆಗೆದವರು ಹಲವು ಸಲ ಅದೇ ದಿನ ಮನೆಗೆ ಹೋಗುತ್ತಾರೆ. ನಾಳ ತೊಳೆಯಲು ಹಾಯಿಸಿದ ನೀರಿನಿಂದ ಆದ ಊತ ಒಂದೆರಡು ದಿನ ಉಳಿಯಬಹುದು. ಆಮೇಲಿನ ಉಪಚಾರ ಸರಳ: ಹೇರಳವಾಗಿ ನೀರು, ಮೆತ್ತನೆಯ ಊಟ, ಗ್ರಂಥಿಯನ್ನು ಹಿಂದಿನಿಂದ ಮುಂದಕ್ಕೆ ಮೃದುವಾಗಿ ನೀವುವುದು, ಆಗಾಗ ಹುಳಿ ಪದಾರ್ಥ ಚೀಪುವುದು. ಹುಳಿಗೆ ರಸ ಒಸರುತ್ತದೆ, ರಸ ಹರಿದರೆ ನಾಳ ತೆರೆದಿರುತ್ತದೆ. ಮತ್ತೆ ಕಲ್ಲು ಕಟ್ಟಬಾರದೆಂದೇನೂ ಇಲ್ಲ, ಆದ್ದರಿಂದ ನೀರು ಕುಡಿಯುವ ಅಭ್ಯಾಸ ಮುಂದೆಯೂ ಬಿಡುವಂತಿಲ್ಲ.

ಅಡ್ಡಿ ನೀಗಿದ ಮೇಲೆ ಪರೀಕ್ಷಿಸಿ ನೋಡಿದಾಗ, ಸತ್ತಿತೆಂದು ಬಗೆದಿದ್ದ ಗ್ರಂಥಿಗಳಲ್ಲಿ ಎಷ್ಟೋ ಮತ್ತೆ ರಸ ಸುರಿಸತೊಡಗಿದ್ದವು. ಹಾಗಾಗಿ ಗ್ರಂಥಿ ತೆಗೆಯುವುದು ಮೊದಲ ಉತ್ತರವಾಗಿ ಉಳಿಯದೆ ಕೊನೆಯ ಉತ್ತರವಾಯಿತು. ಉಪ್ಪಿನಕಾಯಿ ಕಂಡರೆ ಹೆದರುತ್ತಿದ್ದವರಿಗೆ ಈಗ ಹುಳಿಯೇ ಔಷಧ.