ಸರಾಸರಿ ಹೋಲಿಸುವ ಮುನ್ನ ಒಂದು ಪರೀಕ್ಷೆ

ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯ ಉದ್ಯೋಗಿ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ, ಸರಾಸರಿ ಹೋಲಿಸಲು ಬಳಸುವ ಟಿ-ಪರೀಕ್ಷೆಯ ಮೂಲ ಲೇಖನ ಪ್ರಕಟಿಸಿದರು. ತಮ್ಮ ಗಣಿತ ಸರಿಯೇ ಎಂದು ನೋಡಲು 3,000 ಕೈದಿಗಳ ಎತ್ತರವನ್ನೂ ಎಡಗೈ ನಡುಬೆರಳಿನ ಉದ್ದವನ್ನೂ ಚೀಟಿಗಳಲ್ಲಿ ಬರೆದು, ಚೆನ್ನಾಗಿ ಕಲೆಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿದರು. ಎತ್ತರ, ಬೆರಳುಗಳೆಲ್ಲ ಗಂಟೆಯಾಕಾರದ ನಾರ್ಮಲ್ ಹಂಚಿಕೆಗೆ ಹತ್ತಿರ ಬರುವ ಸಾಧು ಅಳತೆಗಳು. ರೋಗಿಗಳು ಆಸ್ಪತ್ರೆಯಲ್ಲಿ ಉಳಿದ ದಿನಗಳು ಹಾಗಲ್ಲ: ಬಹುಪಾಲು ಜನ ಬೇಗ ಮನೆಗೆ ಹೋಗುತ್ತಾರೆ, ಕೆಲವರು ಮಾತ್ರ ತಿಂಗಳುಗಟ್ಟಲೆ ಇರುತ್ತಾರೆ. ಟಿ-ಪರೀಕ್ಷೆ ನಾರ್ಮಲ್ ಹಂಚಿಕೆಯನ್ನು ಆಧರಿಸಿದ್ದರಿಂದ, ಇಂಥ ದತ್ತಾಂಶದ ಗುಂಪುಗಳನ್ನು ಹೋಲಿಸುವ ಮೊದಲು ಹಂಚಿಕೆಯ ಆಕಾರ ನೋಡಬೇಕೆನ್ನುತ್ತಾರೆ.

ಆಕಾರ ನೋಡುವ ಸಾಧನಗಳೇನೋ ಬಂದವು. ಕಾರ್ಲ್ ಪಿಯರ್ಸನ್‌ರ ಕೈ-ವರ್ಗ 1900ರದು, ಕಾಲ್ಮೊಗೊರೊವ್ ಪರೀಕ್ಷೆ 1933ರದು. ಆದರೆ ಇಂದಿಗೂ ಹೆಚ್ಚು ಬಳಕೆಯಲ್ಲಿರುವುದು 1965ರ ಶಪಿರೊ–ವಿಲ್ಕ್. ಅದು ಅಳತೆಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುತ್ತದೆ. ನಾರ್ಮಲ್ ಆಗಿದ್ದರೆ ಚಿಕ್ಕದು, ಅದರ ಮೇಲಿನದು ಎಲ್ಲೆಲ್ಲಿ ಇರಬೇಕಿತ್ತೋ ಅದರೊಡನೆ ತಾಳೆ ನೋಡುತ್ತದೆ. ಹೊಂದಿಕೆ ಚೆನ್ನಾಗಿದ್ದಷ್ಟೂ ಪರೀಕ್ಷೆ ಕೊಡುವ ಸಂಖ್ಯೆ ಡಬ್ಲ್ಯು ಒಂದರ ಹತ್ತಿರ. ಮೂಲ ಕೋಷ್ಟಕ 50 ಅಳತೆಗಳಿಗೇ ನಿಂತಿತ್ತು. ಸಂಖ್ಯಾಶಾಸ್ತ್ರಜ್ಞ ರಾಯ್‌ಸ್ಟನ್ ಪರೀಕ್ಷೆಯನ್ನು ಮೊದಲು 2,000ಕ್ಕೆ, ಆಮೇಲೆ 5,000ಕ್ಕೆ ಹಿಗ್ಗಿಸಿದರು. ಇದೇ ವಿಲ್ಕ್, ಬೆಲ್ ಲ್ಯಾಬ್ಸ್‌ನ ರಾಮ್ ಜ್ಞಾನದೇಸಿಕನ್ ಜೊತೆ ಸೇರಿ, 1968ರಲ್ಲಿ ಅದೇ ತಾಳೆಯನ್ನು ಚುಕ್ಕಿಗಳಲ್ಲಿ ತೋರಿಸುವ ಕ್ಯೂ-ಕ್ಯೂ ನಕ್ಷೆಯನ್ನೂ ಕೊಟ್ಟರು. ನನ್ನನ್ನು ಕೇಳಿದರೆ ನಕ್ಷೆಯೇ ಹೆಚ್ಚು ಉಪಕಾರಿ: ಹಂಚಿಕೆಯ ಬಾಲ ಯಾವ ಕಡೆ ಉದ್ದ, ಎಲ್ಲರಿಂದ ದೂರ ನಿಂತ ಅಳತೆ ಯಾವುದು, ಕಣ್ಣಿಗೇ ಕಾಣುತ್ತದೆ.

ಅಷ್ಟರಲ್ಲಾಗಲೇ ಪೂರ್ವಪರೀಕ್ಷೆಯ ಅಗತ್ಯವನ್ನೇ ಪ್ರಶ್ನಿಸಿದವರಿದ್ದರು. ಸಂಖ್ಯಾಶಾಸ್ತ್ರಜ್ಞ ಜಾರ್ಜ್ ಬಾಕ್ಸ್ 1953ರಲ್ಲಿ, ಸರಾಸರಿ ಹೋಲಿಸುವ ಮುನ್ನ ವೇರಿಯನ್ಸ್ (ಅಳತೆಗಳ ಹರಡಿಕೆ) ಪರೀಕ್ಷಿಸುವವರನ್ನು ಗೇಲಿ ಮಾಡಿದರು: ದೊಡ್ಡ ಹಡಗು ಹೊರಡಬಹುದೇ ಎಂದು ತಿಳಿಯಲು ಹುಟ್ಟುದೋಣಿಯನ್ನು ಕಡಲಿಗಿಳಿಸಿದಂತೆ ಇದು! ಆಕ್ಷೇಪ ನಾರ್ಮಲ್ ಹೌದೋ ಎಂದು ನೋಡುವ ಪರೀಕ್ಷೆಗೂ ಸಲ್ಲುತ್ತದೆ. ಹತ್ತು ಅಳತೆಗಳಿದ್ದಾಗ ಪರೀಕ್ಷೆಗೆ ದೊಡ್ಡ ವಕ್ರತೆಯೂ ಕಾಣದೆ ಹೋಗಬಹುದು. ಸಾವಿರಾರು ಇದ್ದಾಗ ಲೆಕ್ಕಕ್ಕಿಲ್ಲದ ವಕ್ರತೆಗೂ ಪಿ-ಮೌಲ್ಯ 0.05ರ ಕೆಳಗಿಳಿದು ಪರೀಕ್ಷೆ ‘ನಾರ್ಮಲ್ ಅಲ್ಲ’ ಎನ್ನಬಹುದು. ಎಚ್ಚರ ಬೇಕಾದಲ್ಲಿ ಮೌನ, ಬೇಡವಾದಲ್ಲಿ ಬೊಬ್ಬೆ. 1989ರಲ್ಲಿ ಸಂಶೋಧಕ ಮಿಸೆರಿ ಮನೋವಿಜ್ಞಾನ, ಶಿಕ್ಷಣ ಕ್ಷೇತ್ರಗಳ 440 ದತ್ತಾಂಶ ಗುಚ್ಛಗಳನ್ನು ಪರೀಕ್ಷಿಸಿದಾಗ ಒಂದೂ ನಾರ್ಮಲ್ ಎನಿಸಿಕೊಳ್ಳಲಿಲ್ಲ.

ಪ್ರಬಂಧಗಳಲ್ಲಿ ಇನ್ನೊಂದು ಎಡವಟ್ಟು ಆಗಾಗ ಕಣ್ಣಿಗೆ ಬೀಳುತ್ತದೆ: ಎರಡೂ ಗುಂಪುಗಳನ್ನು ಒಟ್ಟಿಗೆ ಸುರಿದು ಪರೀಕ್ಷಿಸುವುದು. ಗಂಡಸರ, ಹೆಂಗಸರ ಹಿಮೋಗ್ಲೋಬಿನ್ ಬೆರೆಸಿದರೆ, ಪ್ರತ್ಯೇಕವಾಗಿ ನಾರ್ಮಲ್ ಇದ್ದರೂ, ಒಟ್ಟು ಆಕಾರ ಬೇರೆಯೇ ಆಗುತ್ತದೆ. ನೋಡಬೇಕಾದದ್ದು ಆಯಾ ಗುಂಪಿನ ಸರಾಸರಿ ಕಳೆದು ಉಳಿದದ್ದನ್ನು.

ನಾರ್ಮಲ್ ಅಲ್ಲದಾಗ ಬಳಸುವ ವಿಲ್ಕಾಕ್ಸನ್ (1945), ಮಾನ್–ವಿಟ್ನಿ (1947) ಪರೀಕ್ಷೆಗಳು ಅಳತೆಯ ಬದಲು ಸ್ಥಾನಸಂಖ್ಯೆ ಬಳಸುತ್ತವೆ. ಆದರೆ ಶಪಿರೊ–ವಿಲ್ಕ್ ಫಲಿತಾಂಶ ನೋಡಿಕೊಂಡು ಟಿ ಅಥವಾ ಮಾನ್–ವಿಟ್ನಿ ಆರಿಸುವ ಎರಡು ಹಂತದ ಪದ್ಧತಿಯನ್ನು ಈಗ ಹಲವರು ಒಪ್ಪುವುದಿಲ್ಲ. ಯಾವ ವಿಧಾನ ಎಂಬುದು ದತ್ತಾಂಶ ಕೈಸೇರುವ ಮೊದಲೇ ತೀರ್ಮಾನವಾಗಿರಲಿ ಎನ್ನುತ್ತಾರೆ. ಆರ್ ತಂತ್ರಾಂಶದಲ್ಲಿ ಎರಡು ಗುಂಪುಗಳಿಗೆ ಟಿ-ಪರೀಕ್ಷೆ ಕೇಳಿದರೆ ತಾನಾಗಿ ಬರುವುದು ಸಮಾನ ವೇರಿಯನ್ಸ್ ಬೇಡದ ವೆಲ್ಚ್ ರೂಪ. ನಾರ್ಮಲ್ ಹೌದೋ ಅಲ್ಲವೋ ಎಂದು ಆರ್ ಕೇಳುವುದೂ ಇಲ್ಲ.