ಜೇಜು ದ್ವೀಪ ಪ್ರವಾಸ

ಜೇಜು ದಕ್ಷಿಣ ಕೊರಿಯಾದ ಅತಿದೊಡ್ಡ ದ್ವೀಪ. ಕೊರಿಯಾ ಪರ್ಯಾಯ ದ್ವೀಪದ ದಕ್ಷಿಣ ತೀರದಿಂದ 80 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ ಈ ದ್ವೀಪವು ಜ್ವಾಲಾಮುಖಿಯಿಂದ ರೂಪುಗೊಂಡಿದೆ. ಸುಮಾರು 6.7 ಲಕ್ಷ ಜನಸಂಖ್ಯೆಯ ಈ ಪ್ರಾಂತ್ಯಕ್ಕೆ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಪ್ರವಾಸಿಗರು ಬರುತ್ತಾರೆ. 2006ರ ಜುಲೈ 1ರಿಂದ ಇದು ವಿಶೇಷ ಸ್ವಯಮಾಡಳಿತ ಪ್ರಾಂತ್ಯವಾಗಿದೆ. ಉತ್ತರ ತೀರದ ಜೇಜು ನಗರ ಮತ್ತು ದಕ್ಷಿಣ ತೀರದ ಸೊಗ್ವಿಪೊ ಇಲ್ಲಿನ ಎರಡು ಮುಖ್ಯ ನಗರಗಳು. ದ್ವೀಪದ ಪರಿಚಯದೊಂದಿಗೆ, ಪ್ರವಾಸವನ್ನು ಯೋಜಿಸುವವರಿಗೆ ಅಗತ್ಯವಾದ ವಿವರಗಳನ್ನು ಈ ಲೇಖನವು ಒಳಗೊಂಡಿದೆ.

ಭೂಸ್ವರೂಪ

ದ್ವೀಪವು ಪೂರ್ವ-ಪಶ್ಚಿಮವಾಗಿ ಸುಮಾರು 73 ಕಿ.ಮೀ. ಉದ್ದದ ಅಂಡಾಕಾರದಲ್ಲಿದೆ. ನಡುವೆ ಇರುವ ಹಲ್ಲಾಸಾನ್ ಪರ್ವತವು (1,947 ಮೀ.) ದಕ್ಷಿಣ ಕೊರಿಯಾದ ಅತ್ಯುನ್ನತ ಶಿಖರ. ಅದರ ನೆತ್ತಿಯಲ್ಲಿ ಬೆಂಗ್ನೊಕ್‌ದಾಮ್ ಎಂಬ ಜ್ವಾಲಾಮುಖಿ ಕುಂಡದ ಸರೋವರವಿದೆ. ದ್ವೀಪದಾದ್ಯಂತ 360ಕ್ಕೂ ಹೆಚ್ಚು ಚಿಕ್ಕ ಜ್ವಾಲಾಮುಖಿ ದಿಬ್ಬಗಳಿದ್ದು, ಸ್ಥಳೀಯರು ಇವನ್ನು ‘ಒರುಮ್’ ಎನ್ನುತ್ತಾರೆ. ಕಲ್ಲು, ಗಾಳಿ ಮತ್ತು ಹೆಂಗಸರು ಹೇರಳವಾಗಿರುವ ಕಾರಣ ಜೇಜುವಿಗೆ ‘ಮೂರು ಸಮೃದ್ಧಿಗಳ ದ್ವೀಪ’ ಎಂಬ ರೂಢಿಯ ಹೆಸರೂ ಇದೆ.

ಇಲ್ಲಿನ ಕಪ್ಪು ಬಸಾಲ್ಟ್ ಶಿಲೆಯು ರಂಧ್ರಯುಕ್ತವಾದುದರಿಂದ ಮಳೆನೀರು ಬೇಗನೆ ನೆಲದೊಳಕ್ಕೆ ಇಂಗಿಹೋಗುತ್ತದೆ. ವರ್ಷವಿಡೀ ಹರಿಯುವ ಹೊಳೆಗಳು ವಿರಳ. ಇಂಗಿದ ನೀರು ಕರಾವಳಿಯಲ್ಲಿ ಬುಗ್ಗೆಯಾಗಿ ಚಿಮ್ಮುವುದರಿಂದ ಹಳೆಯ ಊರುಗಳು ಹೆಚ್ಚಾಗಿ ಸಮುದ್ರತೀರದಲ್ಲಿಯೇ ಬೆಳೆದವು. ಇಂದಿಗೂ ದ್ವೀಪದ ನೀರಿನ ಮುಖ್ಯ ಆಧಾರ ಅಂತರ್ಜಲವೇ.

ಯುನೆಸ್ಕೊ ಸಂಸ್ಥೆಯು 2002ರಲ್ಲಿ ಜೇಜುವನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. 2007ರಲ್ಲಿ ಇಲ್ಲಿನ ಜ್ವಾಲಾಮುಖಿ ಭೂಭಾಗ ಮತ್ತು ಲಾವಾ ಸುರಂಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. 2010ರಲ್ಲಿ ದ್ವೀಪಕ್ಕೆ ಜಾಗತಿಕ ಭೂ-ಉದ್ಯಾನವೆಂಬ ಮನ್ನಣೆಯೂ ದೊರೆಯಿತು.

ಇತಿಹಾಸ

ಜೇಜು ಹಿಂದೆ ‘ತಾಮ್ನಾ’ ಎಂಬ ಪ್ರತ್ಯೇಕ ರಾಜ್ಯವಾಗಿತ್ತು. ಹದಿಮೂರನೆಯ ಶತಮಾನದಲ್ಲಿ ಮಂಗೋಲರು ಇಲ್ಲಿ ಕುದುರೆಗಳ ಸಾಕಣೆಯನ್ನು ಬೆಳೆಸಿದರು. ಜೊಸೊನ್ ರಾಜವಂಶದ ಕಾಲದಲ್ಲಿ ಇದು ಗಡೀಪಾರಾದವರ ನೆಲೆಯಾಯಿತು. ಪ್ರಸಿದ್ಧ ಲಿಪಿಕಾರ ಹಾಗೂ ವಿದ್ವಾಂಸ ಕಿಮ್ ಜೊಂಗ್-ಹಿ 1840ರಿಂದ 1848ರವರೆಗೆ ಇಲ್ಲಿ ಗಡೀಪಾರಿನಲ್ಲಿದ್ದರು. 1653ರಲ್ಲಿ ಇಲ್ಲಿ ಹಡಗು ಒಡೆದು ಸಿಲುಕಿದ ಡಚ್ಚರಲ್ಲೊಬ್ಬನಾದ ಹೆಂಡ್ರಿಕ್ ಹಾಮೆಲ್ ಬರೆದ ವೃತ್ತಾಂತವು ಯುರೋಪಿಗೆ ಕೊರಿಯಾವನ್ನು ಪರಿಚಯಿಸಿತು.

ದ್ವೀಪದ ಇತಿಹಾಸದ ಅತ್ಯಂತ ದಾರುಣ ಅಧ್ಯಾಯ 1947ರಿಂದ 1954ರವರೆಗಿನದು. 1947ರ ಮಾರ್ಚ್ 1ರಂದು ಪೊಲೀಸರ ಗುಂಡಿಗೆ ಆರು ಜನ ಬಲಿಯಾದರು. ಕೊರಿಯಾದ ದಕ್ಷಿಣ ಭಾಗಕ್ಕೆ ಮಾತ್ರ ಪ್ರತ್ಯೇಕ ಚುನಾವಣೆ ನಡೆಸುವುದನ್ನು ವಿರೋಧಿಸಿ 1948ರ ಏಪ್ರಿಲ್ 3ರಂದು ಎಡಪಂಥೀಯ ಬಂಡುಕೋರರು ಪೊಲೀಸ್ ಠಾಣೆಗಳ ಮೇಲೆ ದಾಳಿ ನಡೆಸಿದರು. ಇದನ್ನು ಹತ್ತಿಕ್ಕುವ ಕಾರ್ಯಾಚರಣೆಯಲ್ಲಿ ಬೆಟ್ಟದ ಇಳಿಜಾರಿನ ಅನೇಕ ಹಳ್ಳಿಗಳು ಸುಟ್ಟುಹೋದವು. ಒಟ್ಟು 25,000ದಿಂದ 30,000 ಜನ, ಅಂದರೆ ಅಂದಿನ ಜನಸಂಖ್ಯೆಯ ಸುಮಾರು ಹತ್ತನೆಯ ಒಂದು ಭಾಗ, ಮೃತಪಟ್ಟರೆಂದು ಅಂದಾಜಿಸಲಾಗಿದೆ. ಹಲವು ದಶಕಗಳ ಕಾಲ ಈ ವಿಷಯವನ್ನು ಬಹಿರಂಗವಾಗಿ ಮಾತನಾಡುವುದೇ ಅಪಾಯಕರವಾಗಿತ್ತು. 2000ದಲ್ಲಿ ಸತ್ಯಶೋಧನೆಗಾಗಿ ವಿಶೇಷ ಕಾನೂನು ಜಾರಿಯಾಯಿತು. 2003ರಲ್ಲಿ ಅಧ್ಯಕ್ಷ ರೋ ಮೂ-ಹ್ಯುನ್ ಸರ್ಕಾರದ ಪರವಾಗಿ ಕ್ಷಮೆಯಾಚಿಸಿದರು. ಇಂದು ಪ್ರವಾಸಿಗರು ಬಂದಿಳಿಯುವ ವಿಮಾನ ನಿಲ್ದಾಣದ ಆವರಣದಲ್ಲಿಯೇ 2007ರ ನಂತರ ನಡೆದ ಉತ್ಖನನದಲ್ಲಿ ನೂರಾರು ಜನರ ಅಸ್ಥಿಗಳು ದೊರೆತವು. 2024ರ ನೊಬೆಲ್ ಪುರಸ್ಕೃತ ಲೇಖಕಿ ಹಾನ್ ಕಾಂಗ್ 2021ರಲ್ಲಿ ಪ್ರಕಟಿಸಿದ ಕಾದಂಬರಿಯ ಹಿನ್ನೆಲೆ ಈ ಹತ್ಯಾಕಾಂಡವೇ ಆಗಿದೆ. ಜೇಜು ನಗರದ ಹೊರವಲಯದಲ್ಲಿರುವ ‘ಏಪ್ರಿಲ್ 3 ಶಾಂತಿ ಉದ್ಯಾನ’ದಲ್ಲಿ ಸ್ಮಾರಕ ಮತ್ತು ವಸ್ತುಸಂಗ್ರಹಾಲಯಗಳಿವೆ.

ಸೂಕ್ತ ಕಾಲ

ಮಾರ್ಚ್ ಕೊನೆಯಿಂದ ಮೇವರೆಗಿನ ವಸಂತ ಮತ್ತು ಅಕ್ಟೋಬರ್-ನವೆಂಬರ್ ತಿಂಗಳ ಶರತ್ಕಾಲ ಪ್ರವಾಸಕ್ಕೆ ಹೆಚ್ಚು ಅನುಕೂಲಕರ. ವಸಂತದಲ್ಲಿ ಸಾಸಿವೆಯ ಹೂವನ್ನು ಹೋಲುವ ಹಳದಿ ಹೂಗಳ ಹೊಲಗಳು, ಶರತ್ಕಾಲದಲ್ಲಿ ಬೆಳ್ಳಿ ಬಣ್ಣದ ಹುಲ್ಲಿನ ದಿಬ್ಬಗಳು ಕಾಣಸಿಗುತ್ತವೆ. ಜೂನ್ ಕೊನೆಯಿಂದ ಜುಲೈವರೆಗೆ ಮಳೆಗಾಲ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಚಂಡಮಾರುತಗಳ ಭಯವಿರುತ್ತದೆ. ಬಿರುಗಾಳಿ ಬೀಸಿದಾಗ ವಿಮಾನ ಮತ್ತು ಹಡಗುಗಳೆರಡೂ ರದ್ದಾಗುವುದರಿಂದ, ಮರುಪ್ರಯಾಣದ ಅಂತರರಾಷ್ಟ್ರೀಯ ವಿಮಾನಕ್ಕೆ ಮುನ್ನ ಒಂದು ದಿನದ ಬಿಡುವು ಇಟ್ಟುಕೊಳ್ಳುವುದು ಕ್ಷೇಮ. ಚಾಂದ್ರಮಾನ ಹೊಸವರ್ಷ ಮತ್ತು ಚುಸೊಕ್ ಹಬ್ಬದ ರಜೆಗಳಲ್ಲಿ ಟಿಕೆಟ್ ಹಾಗೂ ವಸತಿ ದೊರೆಯುವುದು ಕಷ್ಟ.

ತಲುಪುವ ಬಗೆ ಮತ್ತು ಪ್ರವೇಶ ನಿಯಮ

ಭಾರತದಿಂದ ಜೇಜುವಿಗೆ ನೇರ ವಿಮಾನವಿಲ್ಲ. ಸಿಂಗಪುರ, ತೈಪೆ, ಶಾಂಘೈ ಮುಂತಾದ ನಗರಗಳ ಮೂಲಕ ಅಥವಾ ಸಿಯೋಲ್ ಮೂಲಕ ಹೋಗಬಹುದು. ಸಿಯೋಲ್‌ನಿಂದ ಜೇಜುವಿನ ವಿಮಾನಗಳು ಮುಖ್ಯವಾಗಿ ಗಿಂಪೊ ನಿಲ್ದಾಣದಿಂದ ಹೊರಡುತ್ತವೆ. ವಿದೇಶದಿಂದ ಬರುವವರು ಸಾಮಾನ್ಯವಾಗಿ ಇಂಚಾನ್ ನಿಲ್ದಾಣದಲ್ಲಿ ಇಳಿಯುವುದರಿಂದ, ಒಂದರಿಂದ ಇನ್ನೊಂದಕ್ಕೆ ಹೋಗುವ ಸಮಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಗಿಂಪೊ-ಜೇಜು ಮಾರ್ಗವು ಜಗತ್ತಿನ ಅತಿ ಹೆಚ್ಚು ದಟ್ಟಣೆಯ ವಿಮಾನ ಮಾರ್ಗಗಳಲ್ಲೊಂದು. ಪ್ರಯಾಣಕ್ಕೆ ಸುಮಾರು ಒಂದು ಗಂಟೆ ಹತ್ತು ನಿಮಿಷ ಬೇಕಾಗುತ್ತದೆ. ಮೊಕ್ಪೊ, ವಾಂಡೊ ಬಂದರುಗಳಿಂದ ಹಡಗುಗಳೂ ಇವೆ.

ಕೊರಿಯಾದ ಮುಖ್ಯ ಭೂಭಾಗವನ್ನು ಪ್ರವೇಶಿಸಲು ಭಾರತೀಯರಿಗೆ ವೀಸಾ ಅಗತ್ಯ. ವಿದೇಶದಿಂದ ನೇರವಾಗಿ ಜೇಜುವಿನಲ್ಲಿಯೇ ಇಳಿಯುವ ಪ್ರವಾಸಿಗರಿಗೆ, ಭಾರತೀಯರೂ ಸೇರಿದಂತೆ, 30 ದಿನಗಳವರೆಗೆ ವೀಸಾರಹಿತ ಪ್ರವೇಶದ ವ್ಯವಸ್ಥೆ ಇದೆ. ಆದರೆ ಈ ಸೌಲಭ್ಯದಲ್ಲಿ ಬಂದವರು ಅಲ್ಲಿಂದ ಸಿಯೋಲ್‌ಗೆ ಹೋಗುವಂತಿಲ್ಲ. ನಿಯಮಗಳು ಬದಲಾಗುವುದರಿಂದ ಟಿಕೆಟ್ ಕೊಳ್ಳುವ ಮೊದಲು ಕೊರಿಯಾದ ರಾಯಭಾರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು.

ದ್ವೀಪದೊಳಗಿನ ಸಂಚಾರ

ಜೇಜುವಿನಲ್ಲಿ ರೈಲು ಅಥವಾ ಮೆಟ್ರೊ ಇಲ್ಲ. 201ನೆಯ ಸಂಖ್ಯೆಯ ಬಸ್ಸು ಪೂರ್ವ ಕರಾವಳಿಯ ಮೂಲಕವೂ 202ನೆಯದು ಪಶ್ಚಿಮ ಕರಾವಳಿಯ ಮೂಲಕವೂ ಎರಡು ನಗರಗಳನ್ನು ಜೋಡಿಸುತ್ತವೆ. ಬಾಡಿಗೆ ಕಾರು ಚಲಾಯಿಸಲು ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ದಾರಿ ಹುಡುಕಲು ಸ್ಥಳೀಯವಾದ ನೇವರ್ ಮತ್ತು ಕಾಕಾವೊ ನಕ್ಷೆಗಳು ಹೆಚ್ಚು ಉಪಯುಕ್ತ. ಪ್ರವಾಸಿ ಸಹಾಯವಾಣಿ 1330, ಪೊಲೀಸ್ 112, ಆಂಬ್ಯುಲೆನ್ಸ್ 119.

ಪ್ರಮುಖ ತಾಣಗಳು

ಹಲ್ಲಾಸಾನ್: ಶಿಖರವನ್ನು ತಲುಪುವ ದಾರಿಗಳು ಎರಡೇ: ಸೊಂಗ್‌ಪಾನಾಕ್ (9.6 ಕಿ.ಮೀ.) ಮತ್ತು ಗ್ವಾನುಮ್‌ಸಾ (8.7 ಕಿ.ಮೀ.). ಇವೆರಡಕ್ಕೂ ಅಂತರಜಾಲದಲ್ಲಿ ಮುಂಗಡ ಕಾಯ್ದಿರಿಸುವಿಕೆ ಅವಶ್ಯಕ. ನಿಗದಿತ ವೇಳೆಯೊಳಗೆ ಮಾರ್ಗಮಧ್ಯದ ಆಶ್ರಯತಾಣವನ್ನು ದಾಟದವರನ್ನು ಮುಂದೆ ಬಿಡುವುದಿಲ್ಲ.

ಸೊಂಗ್ಸಾನ್ ಇಲ್ಚುಲ್‌ಬೊಂಗ್: ಪೂರ್ವ ತುದಿಯಲ್ಲಿ ಸಮುದ್ರದಿಂದ ಸುಮಾರು 180 ಮೀ. ಎತ್ತರಕ್ಕೆ ಎದ್ದಿರುವ, ಬಟ್ಟಲಿನಾಕಾರದ ಜ್ವಾಲಾಮುಖಿ ಶಂಕು. ಸೂರ್ಯೋದಯಕ್ಕೆ ಪ್ರಸಿದ್ಧ. ಹತ್ತಿರದ ಬಂದರಿನಿಂದ ಉದೊ ಎಂಬ ಕಿರುದ್ವೀಪಕ್ಕೆ ದೋಣಿಯಲ್ಲಿ ಸುಮಾರು 15 ನಿಮಿಷಗಳ ಪ್ರಯಾಣ.

ಮಾನ್‌ಜಾಂಗ್‌ಗುಲ್: ಸುಮಾರು 7.4 ಕಿ.ಮೀ. ಉದ್ದದ ಲಾವಾ ಸುರಂಗ. ಸಾರ್ವಜನಿಕರಿಗೆ ಮೀಸಲಾದ ಭಾಗ ಸುಮಾರು ಒಂದು ಕಿ.ಮೀ. ಸುರಕ್ಷತೆಯ ಕಾರಣದಿಂದ ಇದನ್ನು ಮುಚ್ಚುವುದುಂಟು. ಹೊರಡುವ ಮುನ್ನ ವಿಚಾರಿಸುವುದು ಒಳ್ಳೆಯದು.

ಜೇಜು ಒಲ್ಲೆ: ಪತ್ರಕರ್ತೆಯಾಗಿದ್ದ ಸೊ ಮ್ಯೊಂಗ್-ಸುಕ್ 2007ರಲ್ಲಿ ಆರಂಭಿಸಿದ ಕಾಲುದಾರಿಗಳ ಜಾಲ. 400 ಕಿ.ಮೀ.ಗೂ ಹೆಚ್ಚು ಉದ್ದದ ಈ ಹಾದಿಯನ್ನು ಹಲವು ಭಾಗಗಳಾಗಿ ವಿಂಗಡಿಸಲಾಗಿದೆ.

ಹೆನ್ಯೊ

ಹೆನ್ಯೊ ಎಂದರೆ ಆಮ್ಲಜನಕದ ಉಪಕರಣವಿಲ್ಲದೆ ಸಮುದ್ರದಾಳಕ್ಕೆ ಮುಳುಗಿ ಚಿಪ್ಪುಜೀವಿಗಳನ್ನೂ ಕಡಲಕಳೆಯನ್ನೂ ಸಂಗ್ರಹಿಸುವ ಮಹಿಳೆಯರು. ನೀರಿನಿಂದ ಮೇಲೆದ್ದು ಬಿಗಿಹಿಡಿದ ಉಸಿರನ್ನು ಹೊರಬಿಡುವಾಗ ಕೇಳುವ ಸಿಳ್ಳೆಯಂತಹ ಧ್ವನಿಗೆ ‘ಸುಂಬಿಸೊರಿ’ ಎಂದು ಹೆಸರು. 2016ರಲ್ಲಿ ಯುನೆಸ್ಕೊ ಈ ಸಂಸ್ಕೃತಿಯನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. 1960ರ ದಶಕದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚಿದ್ದ ಇವರ ಸಂಖ್ಯೆ ಈಗ ಮೂರು ಸಾವಿರಕ್ಕಿಂತ ಕಡಿಮೆಯಾಗಿದೆ. ಹೆಚ್ಚಿನವರು ಅರವತ್ತು ದಾಟಿದವರು.

ಆಹಾರ

ಕಪ್ಪು ಹಂದಿಯ ಮಾಂಸ, ಅಬಲೋನಿ ಎಂಬ ಚಿಪ್ಪುಜೀವಿಯ ಗಂಜಿ ಮತ್ತು ಮೀನು ಇಲ್ಲಿನ ವಿಶೇಷಗಳು. ‘ಹಲ್ಲಾಬೊಂಗ್’ ಎಂಬ ಕಿತ್ತಳೆ ಜಾತಿಯ ಹಣ್ಣು ಹೆಸರುವಾಸಿ. ಸಸ್ಯಾಹಾರಿಗಳು ಎಚ್ಚರ ವಹಿಸಬೇಕು: ತರಕಾರಿಯ ಖಾದ್ಯಗಳಲ್ಲಿಯೂ ಕಿಮ್ಚಿಯಲ್ಲಿಯೂ ಮೀನಿನ ಸಾರ ಅಥವಾ ಉಪ್ಪು ಹಾಕಿದ ಸೀಗಡಿ ಸೇರಿರುವುದು ಸಾಮಾನ್ಯ. ತಮ್ಮ ಪಥ್ಯವನ್ನು ಕೊರಿಯನ್ ಭಾಷೆಯಲ್ಲಿ ಬರೆಸಿಕೊಂಡ ಚೀಟಿ ಜೊತೆಗಿದ್ದರೆ ಉಪಯೋಗವಾಗುತ್ತದೆ.

ಪ್ರವಾಸೋದ್ಯಮದ ಒತ್ತಡ

ಪ್ರವಾಸೋದ್ಯಮವು ದ್ವೀಪದ ಆರ್ಥಿಕತೆಯ ಆಧಾರಗಳಲ್ಲೊಂದು. ಅದರ ಜೊತೆಗೇ ಕಸ, ವಾಹನ ದಟ್ಟಣೆ, ಭೂಮಿಯ ಬೆಲೆಯೇರಿಕೆ ಹಾಗೂ ಅಂತರ್ಜಲದ ಅತಿಬಳಕೆ ಸ್ಥಳೀಯರನ್ನು ಕಾಡುತ್ತಿವೆ. ಸೊಂಗ್ಸಾನ್ ಬಳಿ ಎರಡನೆಯ ವಿಮಾನ ನಿಲ್ದಾಣ ನಿರ್ಮಿಸುವ ಯೋಜನೆಯನ್ನು 2015ರಲ್ಲಿ ಪ್ರಕಟಿಸಿದಾಗಿನಿಂದ ಜನಾಭಿಪ್ರಾಯ ಇಬ್ಭಾಗವಾಗಿದೆ. ಹೆಚ್ಚಿನ ಪ್ರಯಾಣಿಕರಿಗೆ ಅವಕಾಶ ಬೇಕೆಂಬುದು ಒಂದು ವಾದ. ನೀರು ಮತ್ತು ನೆಲ ಇನ್ನಷ್ಟು ಭಾರವನ್ನು ತಾಳಲಾರವೆಂಬುದು ಇನ್ನೊಂದು. ಪರ್ವತಾರೋಹಣಕ್ಕೆ ವಿಧಿಸಿರುವ ಮುಂಗಡ ಕಾಯ್ದಿರಿಸುವಿಕೆಯಂತಹ ನಿಯಮಗಳ ಉದ್ದೇಶವೂ ಈ ಭಾರವನ್ನು ಮಿತಿಯಲ್ಲಿಡುವುದೇ ಆಗಿದೆ.