ಪಟಿಕದ ಕಲ್ಲೂ ಕೂಸಿನ ತೊಡೆಯೂ

ತಗಡೂರು ಖಾದಿಯ ಕೆಲಸಕ್ಕೆ ಹೆಸರಾದ ಊರು. ನೂಲಿಗೆ ಬಣ್ಣ ಕಟ್ಟುವವರಿಗೆ ಪಟಿಕದ ಗುಣವನ್ನು ನಾವು ಹೇಳಬೇಕಾದುದಿಲ್ಲ; ಅದಿಲ್ಲದೆ ಮಂಜಿಷ್ಠದ ಕೆಂಪು ನಿಲ್ಲದು. ಆ ಕಲ್ಲಿನ ಬಂಧುವೊಂದು ನಮ್ಮ ಕೂಸುಗಳ ತೊಡೆಯನ್ನು ಸೇರಿದ ಕಥೆ ಮಾತ್ರ ಅಷ್ಟು ಪ್ರಸಿದ್ಧವಲ್ಲ.

ಮೈಸೂರು ಸೀಮೆಗೆ ದೇವಿ ಹಾಕುವ ಪದ್ಧತಿ ಬಂದುದು ಮುಮ್ಮಡಿ ಕೃಷ್ಣರಾಜ ಒಡೆಯರ ಬಾಲ್ಯದಲ್ಲಿ. 1805ರ ಸುಮಾರಿಗೆ ತಾಮಸ್ ಹಿಕಿ ಬರೆದ ಚಿತ್ರವೊಂದರಲ್ಲಿ ರಾಣಿಯೊಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರುತ್ತಾಳೆ. ಅದು ದೇವಿ ಹಾಕಿದ ತೋಳೆಂದು ಚರಿತ್ರಕಾರ ನೈಜೆಲ್ ಚಾನ್ಸಲರ್ ವಾದಿಸಿದ್ದಾರೆ. ಆ ಮದ್ದು ಜೀವವುಳ್ಳದ್ದು. ಮೈಯಲ್ಲಿ ತಾನೇ ಬೆಳೆದು, ತನ್ನ ಬರವನ್ನು ತಾನೇ ಸಾರುತ್ತಿತ್ತು.

ಗಂಟಲಮಾರಿ, ಧನುರ್ವಾಯುಗಳ ಮದ್ದು ಹಾಗಲ್ಲ. ಅದು ವಿಷವನ್ನು ಪಳಗಿಸಿ ಮಾಡಿದ ನಿರ್ಜೀವ ವಸ್ತು. ಬರಿದಾಗಿ ಕೊಟ್ಟರೆ ಶರೀರವು ಅದನ್ನು ಅಷ್ಟಾಗಿ ಲೆಕ್ಕಿಸದು. ಫ್ರಾನ್ಸಿನ ಗಾಸ್ತೋನ್ ರಾಮೋನನು, ಚುಚ್ಚಿದೆಡೆ ಬಾವೆದ್ದ ಕುದುರೆಗಳ ರಕ್ತದಲ್ಲಿಯೇ ಪ್ರತಿವಿಷ ಹೆಚ್ಚೆಂಬುದನ್ನು ಕಂಡು, 1925ರಲ್ಲಿ ಮರಗೆಣಸಿನ ಹಿಟ್ಟನ್ನು ಮದ್ದಿಗೆ ಬೆರೆಸಿ ನೋಡಿದನು. ಎಂಥ ಅಡುಗೆಮನೆಯ ಉಪಾಯ! ಮರುವರ್ಷವೇ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನ್ನಿಯೂ ಅವನ ಜೊತೆಗಾರರೂ ಹಿಟ್ಟಿನ ಬದಲು ಪಟಿಕವನ್ನು ಹಿಡಿದರು. ಅಲ್ಯೂಮಿನಿಯಂ ಲವಣಗಳು ಇಂದಿಗೂ ಬಳಕೆಯಲ್ಲಿವೆ.

ಪಟಿಕವು ಮದ್ದನ್ನು ಕಣಜದಂತೆ ಹಿಡಿದಿಟ್ಟು ಮೆಲ್ಲಗೆ ಬಿಡುವುದೆಂದು ಬಹುಕಾಲ ನಂಬಿದ್ದರು. ಆದರೆ 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಚುಚ್ಚಿದೆಡೆಯನ್ನು ಎರಡು ಗಂಟೆಯೊಳಗೆ ಕತ್ತರಿಸಿ ತೆಗೆದರೂ ಇಲಿಗಳಲ್ಲಿ ಫಲ ಕುಂದಲಿಲ್ಲ. ಕಣಜಕ್ಕಿಂತ ತಳವಾರನ ಹೋಲಿಕೆಯೇ ಮೇಲೆಂದು ತೋರುತ್ತದೆ: ಅಲ್ಲಿಯ ಕೋಶಗಳನ್ನು ಕೆರಳಿಸಿ ಊರನ್ನೆಬ್ಬಿಸುವುದು ಅದರ ಕೆಲಸ.

ಎಳೆಗೂಸಿನ ವಿಷಯದಲ್ಲಿ ಇದಕ್ಕೆ ಇನ್ನೊಂದು ಅರ್ಥವುಂಟು. ಗರ್ಭದಲ್ಲಿ ತಾಯಿಯೊಡನೆ ಕಾದಾಡದೆ ಬೆಳೆದ ಆ ಶರೀರವು, ರೋಗಾಣು ಹೊಕ್ಕ ಕೋಶವನ್ನು ಹುಡುಕಿ ಕೊಲ್ಲುವ ದಾರಿಗಿಂತ ಪ್ರತಿಕಾಯಗಳನ್ನು ಮಾಡುವ ದಾರಿಗೆ ವಾಲಿರುತ್ತದೆ. ಪಟಿಕವೂ ಅತ್ತಲೇ ವಾಲಿಸುತ್ತದೆ. ಗಂಟಲಮಾರಿಯ ವಿಷವನ್ನು ತಡೆಯಲು ಅಷ್ಟು ಸಾಕು. ಕೋಶದೊಳಗೆ ಅವಿತುಕೊಳ್ಳುವ ಕ್ಷಯಕ್ಕೆ ಸಾಲದು. ಕ್ಷಯದ ಬಿ.ಸಿ.ಜಿ. ಮದ್ದಾದರೋ ಜೀವವುಳ್ಳದ್ದು, ಪಟಿಕವನ್ನು ಬೇಡದು. ಎಳೆಯ ಮೈಯ ಪ್ರತಿಕಾಯಗಳು ಬೇಗ ಇಳಿಯುವುದರಿಂದಲೇ 6, 10, 14ನೆಯ ವಾರಗಳಲ್ಲಿ ಮರಳಿ ಮರಳಿ ಚುಚ್ಚುವುದು.

ತೊಡೆಯಲ್ಲೇಳುವ ಗಂಟನ್ನು ಕಂಡು ಬೆದರಿ ಮುಂದಿನ ಸರದಿಗೆ ಬಾರದ ತಾಯಂದಿರುಂಟು. ನೋವಿಲ್ಲದ ಚಿಕ್ಕ ಗಂಟು ಬಹುಮಟ್ಟಿಗೆ ಆ ತಳವಾರನ ಕೂಗಿನ ಗುರುತು. ಕೆಲವು ವಾರಗಳಲ್ಲಿ ಕರಗುತ್ತದೆ. ಕೆಂಪೇರಿ ಕೀವುಗಟ್ಟಿದರೆ ವೈದ್ಯರಿಗೆ ತೋರಿಸಬೇಕು. ಸರದಿ ತಪ್ಪಿದ ಕೂಸಿಗೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ. ನಿಂತಲ್ಲಿಂದ ಮುಂದುವರಿಸಿದರೆ ಸಾಕು.